ಓದಿದ್ದೆಲ್ಲ ಎಲ್ಲಿ ಹೋಯಿತು?



ಪ್ರತಿ ವರ್ಷ ತಪಸ್ಸುಕಾಲವೂ ಪರೀಕ್ಷಾಕಾಲವೂ ಹೆಚ್ಚುಕಡಿಮೆ ಜೊತೆಯಾಗಿಯೇ ಬರುತ್ತವೆ. ಒಂದು ಕಡೆ ಶಿಲುಬೆ ಹಾದಿ, ಇನ್ನೊಂದು ಕಡೆ ಹಾಲ್‌ಟಿಕೆಟ್ಟು. ಮಾರ್ಚ್ 19ರ ಸಂತ ಜೋಸೆಫರ ಹಬ್ಬದ ಹೊತ್ತಿಗೆ ನಮ್ಮ ಚಂದಕವಾಡಿ ಕಡೆಯ ಮನೆಗಳಲ್ಲಿ ಅರಿಶಿನ ಬೇಯಿಸಿ ಒಣಗಿಸುವ ಕೆಲಸ ಒಂದು ಹದಕ್ಕೆ ಬಂದಿರುತ್ತದೆ. ಹತ್ತನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಮಾತ್ರ ಬೇರೆಯೇ ಒಂದು ಬೇಗೆ ಶುರುವಾಗಿರುತ್ತದೆ. ಬಲಿಪೂಜೆ ಮುಗಿದ ಮೇಲೆ ಪೆನ್ನು, ಹಾಲ್‌ಟಿಕೆಟ್ಟು ಹಿಡಿದು ಆಶೀರ್ವಾದಕ್ಕೆ ನಿಲ್ಲುವ ಮಕ್ಕಳನ್ನೂ ಅವರ ಬೆನ್ನಿಗೆ ನಿಲ್ಲುವ ತಾಯಂದಿರನ್ನೂ ನೋಡದ ಧರ್ಮಗುರುಗಳಿಲ್ಲ. ಪರೀಕ್ಷೆಯ ಮರುದಿನ ಅದೇ ತಾಯಂದಿರಿಂದ ಕೇಳುವ ಮಾತೂ ಹೊಸದಲ್ಲ: “ಎಲ್ಲಾ ಓದಿತ್ತು ಸ್ವಾಮಿ ಮಗ. ಅಲ್ಲಿ ಹೋಗಿ ಕೂತ್ಕಂಡಾಗ ಒಂದೂ ಗ್ಯಾನಕ್ಕೆ ಬರ್ನಿಲ್ವಂತೆ. ಆಚೆ ಬಂದು ಬಸ್ ಹತ್ತೋ ಹೊತ್ಗೆ ಎಲ್ಲಾ ಗ್ಯಾನಕ್ಕೆ ಬಂತಂತೆ.”

ಈ ಮಾತಿನ ಮೊದಲ ಅರ್ಧವನ್ನು ನಾವೆಲ್ಲರೂ ಕೇಳಿಸಿಕೊಳ್ಳುತ್ತೇವೆ. ಕೇಳಿ ಒಬ್ಬೊಬ್ಬರು ಒಂದೊಂದು ತೀರ್ಪು ಕೊಡುತ್ತೇವೆ. ಓದಿರಲಿಲ್ಲ, ಸುಳ್ಳು ಹೇಳುತ್ತಿದ್ದಾನೆ ಎನ್ನುತ್ತಾನೆ ಅಪ್ಪ. ಯಾರದೋ ಕಣ್ಣು ಬಿದ್ದಿದೆ ಎನ್ನುತ್ತಾಳೆ ಅಜ್ಜಿ. ತಲೆಯೇ ಮಂದ ಎನ್ನುತ್ತಾರೆ ಅಕ್ಕಪಕ್ಕದವರು. ಎರಡನೆಯ ಅರ್ಧದ ಕಡೆ ಯಾರೂ ಕಿವಿ ಕೊಡುವುದಿಲ್ಲ. ಆಚೆ ಬಂದ ಕೂಡಲೇ ಗ್ಯಾನಕ್ಕೆ ಬಂತು ಎಂದರೆ ಏನರ್ಥ? ಓದದೆ ಬಿಟ್ಟದ್ದು ಬಸ್‌ಸ್ಟ್ಯಾಂಡಿನಲ್ಲಿ ಹೊಳೆಯುವುದಿಲ್ಲ. ಹೊಳೆಯಿತು ಎಂದ ಮೇಲೆ ಅದು ತಲೆಯೊಳಗೆ ಇದ್ದೇ ಇತ್ತು. ಬೇಕಾದ ಹೊತ್ತಿನಲ್ಲಿ ಹೊರಗೆ ಬರಲಿಲ್ಲ, ಅಷ್ಟೆ. ಇಲ್ಲದಿರುವುದು ಬೇರೆ, ಇದ್ದೂ ಬಾರದಿರುವುದು ಬೇರೆ. ಮೊದಲನೆಯದಕ್ಕೆ ಇನ್ನಷ್ಟು ಓದಬೇಕು. ಎರಡನೆಯದಕ್ಕೆ ಇನ್ನಷ್ಟು ಓದು, ಇನ್ನಷ್ಟು ಬೈಗುಳ ಎರಡೂ ಮದ್ದಲ್ಲ. ಬೈಗುಳವಂತೂ ಆ ರೋಗವನ್ನು ಹೆಚ್ಚಿಸುತ್ತದೆ. ಹೇಗೆಂದು ನೋಡೋಣ.

ಹಗೇವಿನ ಬಾಯಿ

ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದೊಳಗಿನ ಆ ಕಣಜ ಈಗ ಕಾಣಸಿಗುವುದು ಅಪರೂಪ. ಆದರೂ ವಯಸ್ಸಾದವರನ್ನು ಕೇಳಿ ನೋಡಿ, ಅದನ್ನು ತೆಗೆಯುವ ಕ್ರಮ ಹೇಳುತ್ತಾರೆ. ಬಾಯಿ ತೆರೆದ ಕೂಡಲೇ ಯಾರೂ ಒಳಕ್ಕೆ ಇಳಿಯುತ್ತಿರಲಿಲ್ಲ. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಅದು ಹೋಗುವ ತನಕ ಕಾದು, ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು. ಅವಸರಪಟ್ಟು ಇಳಿದವನಿಗೆ ಒಳಗೆ ಎಷ್ಟು ಪಲ್ಲ ರಾಗಿಯಿದ್ದರೇನು?

ನೆನಪಿನದೂ ಹೆಚ್ಚುಕಡಿಮೆ ಇದೇ ಕ್ರಮ. ಕಲಿತದ್ದನ್ನು ಒಳಗೆ ಸೇರಿಸುವುದು ಒಂದು ಕೆಲಸ, ಅದನ್ನು ಉಳಿಸಿಕೊಳ್ಳುವುದು ಇನ್ನೊಂದು, ಬೇಕಾದಾಗ ಹೊರತೆಗೆಯುವುದು ಮೂರನೆಯದು. ನಮ್ಮ ಶಾಲೆಗಳೂ ಟ್ಯೂಷನ್ನುಗಳೂ ಮೊದಲನೆಯ ಕೆಲಸಕ್ಕೆ ವರ್ಷವಿಡೀ ಕೊಡುತ್ತವೆ. ಪರೀಕ್ಷೆ ಅಳೆಯುವುದು ಮೂರನೆಯದನ್ನು.

ಹೆಸರು ನಾಲಿಗೆಯ ತುದಿಯಲ್ಲಿದೆ, ಬರುತ್ತಿಲ್ಲ ಎಂಬ ಅನುಭವ ಯಾರಿಗಿಲ್ಲ? 1966ರಲ್ಲಿ ಅಮೆರಿಕದ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ ಎಂಬ ಇಬ್ಬರು ಮನೋವಿಜ್ಞಾನಿಗಳು ಇದನ್ನೇ ಹಿಡಿದು ಪರೀಕ್ಷಿಸಿದರು. ಅಪರೂಪದ ಪದಗಳ ಅರ್ಥವನ್ನು ವಿದ್ಯಾರ್ಥಿಗಳಿಗೆ ಓದಿ ಹೇಳಿ, ಆ ಪದ ಯಾವುದೆಂದು ಕೇಳಿದರು. ಗೊತ್ತಿದೆ, ಆದರೆ ಬರುತ್ತಿಲ್ಲ ಎಂದು ಒದ್ದಾಡಿದವರು ಅನೇಕ ಸಲ ಆ ಪದದ ಮೊದಲ ಅಕ್ಷರವನ್ನು ಸರಿಯಾಗಿ ಹೇಳಿದರು, ಅದರಲ್ಲಿ ಎಷ್ಟು ಉಚ್ಚಾರಾಂಶಗಳಿವೆ ಎಂಬುದನ್ನೂ ಹೇಳಿದರು. ಪೂರ್ತಿ ಪದ ಬಾರದಿದ್ದರೂ ಅದರ ಚೂರುಗಳು ಕೈಗೆ ಸಿಗುತ್ತಿದ್ದವು. ಪರೀಕ್ಷೆಗೆ ಹೋಗುವ ಮಕ್ಕಳು ಇದನ್ನು ಗಮನದಲ್ಲಿಡಬೇಕು. ಅದರ ಉಪಯೋಗವನ್ನು ಮುಂದೆ ಹೇಳುತ್ತೇನೆ.

ಹೆದರಿದಾಗ ಏನಾಗುತ್ತದೆ? ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ತೋಟಕ್ಕೆ ಆನೆ ನುಗ್ಗಿದಾಗ ಓಡುವುದಕ್ಕೆ ಬೇಕಾದ ಸಿದ್ಧತೆ ಇದು. ದೇವರು ಕೊಟ್ಟ ಒಳ್ಳೆಯ ಏರ್ಪಾಡೇ. ಆದರೆ ಆನೆಗೂ ಪ್ರಶ್ನೆಪತ್ರಿಕೆಗೂ ದೇಹಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ಇಳಿಯುತ್ತವೆ. ಈ ಕಾರ್ಟಿಸಾಲಿನ ಕೆಲಸವನ್ನು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ದೊಮಿನಿಕ್ ದ ಕೆರ್ವೇನ್ ಮತ್ತು ಸಂಗಡಿಗರು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. ಒಂದಷ್ಟು ಪದಗಳನ್ನು ಜನರಿಗೆ ಕಲಿಸಿ, ಮರುದಿನ ಅವನ್ನು ನೆನಪಿಸಿಕೊಳ್ಳಲು ಹೇಳುವ ಒಂದು ಗಂಟೆ ಮುಂಚೆ ಕಾರ್ಟಿಸೋನ್ ಮಾತ್ರೆ ಕೊಟ್ಟರು. ನೆನಪಿಗೆ ಬಂದ ಪದಗಳು ಕಡಿಮೆಯಾದವು. ಅದೇ ಮಾತ್ರೆಯನ್ನು ಕಲಿಯುವ ಮೊದಲು ಅಥವಾ ಕಲಿತ ಕೂಡಲೇ ಕೊಟ್ಟಾಗ ಮರುದಿನದ ನೆನಪಿಗೆ ಯಾವ ಕುಂದೂ ಆಗಲಿಲ್ಲ. ಅಂದರೆ ಭಯದ ರಸ ಕಣಜದೊಳಗಿನ ರಾಗಿಯನ್ನು ಮುಟ್ಟಲಿಲ್ಲ, ಕಣಜದ ಬಾಯಿಯನ್ನು ಬಿಗಿ ಮಾಡಿತು. ಆ ರಸ ಇಳಿಯಲು ಸಮಯ ಬೇಕು. ಪರೀಕ್ಷೆ ಮುಗಿದು, ಗೇಟಿನಾಚೆ ಒಂದು ಲೋಟ ಮಜ್ಜಿಗೆ ಕುಡಿದು ಬಸ್ಸಿಗೆ ಕಾಯುವಾಗ ಎಲ್ಲ ನೆನಪಾಗುವುದು ಇದಕ್ಕೇ. ಮಗು ಸುಳ್ಳು ಹೇಳುತ್ತಿಲ್ಲ.

ಇನ್ನೊಂದು ತೊಂದರೆಯೂ ಇದೆ. ಲೆಕ್ಕ ಮಾಡುವಾಗ, ವಾಕ್ಯ ಕಟ್ಟುವಾಗ ಮನಸ್ಸು ಕೆಲವೇ ಸಂಗತಿಗಳನ್ನು ಒಟ್ಟಿಗೆ ಹಿಡಿದುಕೊಳ್ಳಬಲ್ಲದು. 1956ರಲ್ಲಿ ಜಾರ್ಜ್ ಮಿಲ್ಲರ್ ಅದನ್ನು ಸುಮಾರು ಏಳು ಎಂದರು. ಆಮೇಲೆ ಬಂದವರು ನಾಲ್ಕೇ ಇರಬೇಕು ಎಂದರು. ಏನೇ ಇರಲಿ, ಜಾಗ ಚಿಕ್ಕದು. ಅದನ್ನು ಮನೆಯ ಮುಂದಿನ ಜಗಲಿ ಎಂದು ತಿಳಿಯಿರಿ. ನಾಲ್ಕು ಜನ ಕೂರಬಹುದಾದ ಜಗಲಿಯಲ್ಲಿ ‘ಅಪ್ಪ ಏನಂತಾರೋ’, ‘ಪಕ್ಕದ ಮನೆಯ ಹುಡುಗಿ ಅಡಿಷನಲ್ ಶೀಟ್ ಕೇಳಿದಳಲ್ಲ’, ‘ಫೇಲಾದರೆ ಏನು ಗತಿ’ ಎಂಬ ಮೂವರು ಬಂದು ಕೂತುಬಿಟ್ಟರೆ, ಪಾಪ, ಗಣಿತಕ್ಕೆ ಉಳಿಯುವುದು ಒಬ್ಬನ ಜಾಗ. ಸುಲಭದ ಕೂಡುವ ಲೆಕ್ಕದಲ್ಲೇ ತಪ್ಪಾಗುವುದು ಹೀಗೆ. ಸ್ವಲ್ಪ ಭಯ ಒಳ್ಳೆಯದೇ, ಅದು ಎಚ್ಚರವಾಗಿಡುತ್ತದೆ. ಜಗಲಿ ತುಂಬಿಹೋದಾಗ ಮಾತ್ರ ಕಷ್ಟ.

ಇದು ಇಂದಿನ ಮಕ್ಕಳ ರೋಗ, ಮೊಬೈಲಿನಿಂದ ಬಂದದ್ದು ಎನ್ನುವವರಿದ್ದಾರೆ. ಮಹಾಭಾರತದ ಕರ್ಣನಿಗೆ ಪರಶುರಾಮ ಕೊಟ್ಟ ಶಾಪ ಏನು? ವಿದ್ಯೆ ಬರದಿರಲಿ ಎಂದಲ್ಲ, ಬೇಕಾದ ಹೊತ್ತಿನಲ್ಲಿ ನೆನಪಿಗೆ ಬರದಿರಲಿ ಎಂದು. ವಿದ್ಯೆ ಕಲಿತವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲವೆಂದು ನಮ್ಮ ನಾಡಿನ ಹಿರಿಯರಿಗೆ ಅಂದೇ ಗೊತ್ತಿತ್ತು. ನಮ್ಮ ಶುಭಸಂದೇಶದಲ್ಲಿ ಸಂತ ಪೇತ್ರನನ್ನೇ ನೋಡಿ. ಕೋಳಿ ಕೂಗುವ ಮುನ್ನ ಏನಾಗುವುದೆಂದು ಯೇಸುಸ್ವಾಮಿ ಅದೇ ರಾತ್ರಿ ಊಟದ ಹೊತ್ತಿನಲ್ಲಿ ಅವನಿಗೆ ಹೇಳಿದ್ದರು. ಕೆಲವೇ ಗಂಟೆಗಳ ಹಿಂದಿನ ಮಾತು. ಪ್ರಧಾನ ಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸುತ್ತಾ ನಿಂತಾಗ, ಸೇವಕಿಯೊಬ್ಬಳು ಮುಖ ನೋಡಿ ಪ್ರಶ್ನೆ ಕೇಳಿದಾಗ, ಆ ಮಾತು ಅವನ ತಲೆಯಲ್ಲಿ ಸುಳಿಯಲೇ ಇಲ್ಲ. ಒಮ್ಮೆಯಲ್ಲ, ಮೂರು ಸಲ. ಕೋಳಿ ಕೂಗಿತು, ಆಗ ನೆನಪಾಯಿತು. ಪೇತ್ರನು ಪ್ರಭುವನ್ನು ಅಲ್ಲಗಳೆದದ್ದನ್ನೂ ಮಕ್ಕಳು ಉತ್ತರ ಮರೆತದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಭಯದಲ್ಲಿ ನಿಂತವನಿಗೆ ಚೆನ್ನಾಗಿ ಗೊತ್ತಿದ್ದದ್ದೂ ಮರೆಯಾಗುತ್ತದೆ, ಮತ್ತು ಒಂದು ಸಣ್ಣ ಸುಳಿವು ಸಿಕ್ಕರೆ ಅದು ಮರಳಿ ಬರುತ್ತದೆ ಎಂಬಷ್ಟನ್ನೇ ಇಲ್ಲಿ ಹೇಳಬಯಸಿದ್ದು.

ಕೊಠಡಿಯೊಳಗೆ

ಪರೀಕ್ಷಾ ಕೊಠಡಿಯಲ್ಲಿ ಉತ್ತರ ನೆನಪಾಗದಿದ್ದರೆ ಮಕ್ಕಳು ಸಾಮಾನ್ಯವಾಗಿ ಮಾಡುವುದು ಏನೆಂದರೆ, ಆ ಪ್ರಶ್ನೆಯನ್ನೇ ದಿಟ್ಟಿಸುತ್ತಾ, ಮತ್ತೆ ಮತ್ತೆ ತಲೆಯನ್ನು ಒತ್ತಾಯಿಸುತ್ತಾ ಕೂರುವುದು. ಗಡಿಯಾರ ಓಡುತ್ತದೆ, ಭಯ ಏರುತ್ತದೆ, ಹಗೇವಿನ ಬಾಯಿ ಇನ್ನಷ್ಟು ಬಿಗಿಯಾಗುತ್ತದೆ. ಮಾಡಬೇಕಾದದ್ದು ಇದರ ವಿರುದ್ಧ. ಪೆನ್ನು ಕೆಳಗಿಟ್ಟು, ಎರಡೂ ಪಾದಗಳನ್ನು ನೆಲಕ್ಕೆ ಊರಿ, ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಬೇಕು. ಐದಾರು ಸಲ ಸಾಕು. ಉಸಿರು ನಿಧಾನವಾಗಿ ಹೊರಹೋಗುವಾಗ ಎದೆಯ ಬಡಿತವೂ ನಿಧಾನವಾಗುತ್ತದೆ. ಇದು ದೇಹದ ಕಟ್ಟಳೆ, ಯಾರು ಮಾಡಿದರೂ ನಡೆಯುತ್ತದೆ. ಆಮೇಲೆ ಆ ಉತ್ತರಕ್ಕೆ ಜಾಗ ಬಿಟ್ಟು, ಚೆನ್ನಾಗಿ ಬರುವ ಇನ್ನೊಂದು ಪ್ರಶ್ನೆಗೆ ಹೋಗಬೇಕು. ಒಂದು ಉತ್ತರ ಸರಾಗವಾಗಿ ಬರೆದು ಮುಗಿಸುವ ಹೊತ್ತಿಗೆ ಭಯ ಅರ್ಧ ಇಳಿದಿರುತ್ತದೆ. ಅನೇಕ ಸಲ ಬಿಟ್ಟ ಉತ್ತರ ತಾನಾಗಿಯೇ ನಡುವೆ ಬಂದು ತಲೆದೋರುತ್ತದೆ. ಬಂದ ಕೂಡಲೇ ಅಂಚಿನಲ್ಲಿ ಎರಡು ಪದ ಗುರುತು ಹಾಕಿಕೊಳ್ಳಬೇಕು, ಮತ್ತೆ ಹಾರಿಹೋಗಬಾರದಲ್ಲ.

ಮರಳಿ ಬಂದಾಗಲೂ ಉತ್ತರದ ಬೆನ್ನು ಹತ್ತಬೇಡಿ, ಅದರ ನೆಂಟರನ್ನು ಕರೆಯಿರಿ. ಬಕ್ಸಾರ್ ಕದನದ ವರ್ಷ ಮರೆತಿದೆ ಅನ್ನಿ. ‘ಬಕ್ಸಾರ್, ಬಕ್ಸಾರ್’ ಎಂದು ಜಪಿಸಿದರೆ ಬರುವುದಿಲ್ಲ. ಪ್ಲಾಸಿ ಕದನ ನೆನಪಿದೆಯೇ? 1757. ಬಕ್ಸಾರ್ ಅದರ ನಂತರದ್ದು. ಅಲ್ಲಿ ಸೋತವರು ಯಾರು? ಮೀರ್ ಖಾಸಿಂ, ಷುಜಾ ಉದ್ ದೌಲ, ಎರಡನೆಯ ಷಾ ಆಲಂ. ಸೋತ ಮರುವರ್ಷ ಕಂಪನಿಗೆ ಬಂಗಾಳದ ದಿವಾನಿ ಹಕ್ಕು ಸಿಕ್ಕಿತು, ಅದು 1765. ಹಾಗಾದರೆ ಕದನ 1764. ನೋಡಿ, ನೆಂಟರು ಕೈಹಿಡಿದು ಕರೆತಂದರು. ನಾಲಿಗೆಯ ತುದಿಯ ಚೂರುಗಳ ವಿಷಯ ಹೇಳಿದೆನಲ್ಲ, ಅದರ ಉಪಯೋಗ ಇದೇ. ಸಿಕ್ಕ ಚೂರನ್ನೆಲ್ಲ ಉತ್ತರ ಪತ್ರಿಕೆಯ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳಿ. ಗಣಿತದಲ್ಲಿ ಸೂತ್ರ ಬಾರದಿದ್ದರೆ ಚಿತ್ರ ಬರೆಯಿರಿ, ಕೊಟ್ಟ ಬೆಲೆಗಳನ್ನು ಸಾಲಾಗಿ ಬರೆಯಿರಿ. ಹಂತಗಳಿಗೂ ಅಂಕಗಳಿವೆ, ಖಾಲಿ ಜಾಗಕ್ಕೆ ಯಾರೂ ಅಂಕ ಕೊಡಲಾರರು.

ನಮ್ಮ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದುವುದಕ್ಕೆಂದೇ ಹದಿನೈದು ನಿಮಿಷ ಇಟ್ಟಿದ್ದಾರೆ. ಆ ಹದಿನೈದು ನಿಮಿಷವನ್ನು ಕಷ್ಟದ ಪ್ರಶ್ನೆ ಹುಡುಕಿ ಹೆದರಲು ಬಳಸುವ ಮಕ್ಕಳೇ ಹೆಚ್ಚು. ಮೊದಲು ಯಾವುದನ್ನು ಬರೆಯಲಿ ಎಂದು ಆರಿಸಲು ಬಳಸಿದರೆ ಆ ಪರೀಕ್ಷೆಯ ಅರ್ಧ ಗೆದ್ದಂತೆ. ಇನ್ನು 2024ರಿಂದ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಶುರುವಾಯಿತು. ಕ್ಯಾಮೆರಾ ನೋಡಿಯೇ ಮರೆತುಹೋಯಿತು ಎನ್ನುವ ಮಕ್ಕಳಿದ್ದಾರೆ. ಅದು ನಕಲು ತಡೆಯಲು ಇಟ್ಟದ್ದು ಮಕ್ಕಳೇ. ನೀವು ಎಷ್ಟು ಹೊತ್ತು ಸೂರು ನೋಡುತ್ತಾ ಯೋಚಿಸಿದಿರಿ ಎಂದು ಎಣಿಸಲು ಅಲ್ಲ.

ಪುಸ್ತಕ ಮುಚ್ಚಿ ಹೇಳು

ಇಲ್ಲಿಯವರೆಗೆ ಹೇಳಿದ್ದು ಆ ಗಳಿಗೆಯ ಉಪಾಯ. ಬೇರು ಇರುವುದು ಓದುವ ಕ್ರಮದಲ್ಲಿ. ಯಾರನ್ನಾದರೂ ಕರೆದು ವಿಶ್ವಾಸಸಂಗ್ರಹವನ್ನು ನಡುವಿನಿಂದ ಶುರುಮಾಡಿ ಹೇಳಿ ಎನ್ನಿ. ಪ್ರತಿ ಭಾನುವಾರ ತಪ್ಪದೆ ಹೇಳುವವರೂ ತಡವರಿಸುತ್ತಾರೆ, ಮನಸ್ಸಿನಲ್ಲೇ ಮೊದಲಿನಿಂದ ಓಡಿಸಿಕೊಂಡು ಬಂದು ಆ ಜಾಗ ಮುಟ್ಟುತ್ತಾರೆ. ಉರು ಹೊಡೆದದ್ದರ ಗುಣ ಅದು. ಒಂದು ಮಾತು ಇನ್ನೊಂದನ್ನು ಎಳೆದುಕೊಂಡು ಬರುತ್ತದೆ, ನಡುವೆ ಒಂದು ಕೊಂಡಿ ಕಳಚಿದರೆ ಉಳಿದದ್ದೆಲ್ಲ ಕಳಚಿದಂತೆ. ಪ್ರಾರ್ಥನೆಗೆ ಇದರಿಂದ ತೊಂದರೆಯಿಲ್ಲ, ಎಲ್ಲರೂ ಒಟ್ಟಿಗೆ ಹೇಳುತ್ತೇವೆ, ಒಬ್ಬರು ಮರೆತರೆ ಪಕ್ಕದವರ ದನಿ ಹಿಡಿದೆತ್ತುತ್ತದೆ. ಪರೀಕ್ಷೆಯಲ್ಲಿ ಪಕ್ಕದವರ ದನಿ ಕೇಳುವಂತಿಲ್ಲ. ಇಡೀ ಉತ್ತರವನ್ನು ಗಿಣಿಪಾಠ ಮಾಡಿದ ಮಗುವೇ ಕೊಠಡಿಯಲ್ಲಿ ಹೆಚ್ಚು ಕಷ್ಟಪಡುವುದು ಇದರಿಂದ. ಮೊದಲ ಸಾಲು ಬಾರದಿದ್ದರೆ ಒಂದು ಪುಟದ ಉತ್ತರವೂ ಹೋಯಿತು.

ಹಾಗಾದರೆ ಹೇಗೆ ಓದಬೇಕು? 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಪ್ರಕಟಿಸಿದ ಪ್ರಯೋಗವೊಂದಿದೆ. ವಿದ್ಯಾರ್ಥಿಗಳಿಗೆ ಚಿಕ್ಕ ಪಾಠಗಳನ್ನು ಓದಲು ಕೊಟ್ಟರು. ಒಮ್ಮೆ ಓದಿದ ಪಾಠವನ್ನು ಮತ್ತೊಮ್ಮೆ ಓದುವುದು ಒಂದು ಬಗೆ. ಪುಸ್ತಕ ಮುಚ್ಚಿ, ನೆನಪಿರುವುದನ್ನು ಹಾಳೆಯ ಮೇಲೆ ಬರೆಯುವುದು ಇನ್ನೊಂದು ಬಗೆ. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೊಮ್ಮೆ ಓದಿದ್ದೇ ಮೇಲಾಗಿತ್ತು. ಅದರಲ್ಲಿ ನೂರಕ್ಕೆ 81 ಪಾಲು ನೆನಪಿತ್ತು, ಮುಚ್ಚಿ ಬರೆದದ್ದರಲ್ಲಿ 75. ಒಂದು ವಾರ ಬಿಟ್ಟು ಕೇಳಿದಾಗ ತಿರುಗುಮುರುಗಾಯಿತು. ಮತ್ತೊಮ್ಮೆ ಓದಿದ್ದರಲ್ಲಿ 42 ಉಳಿದಿತ್ತು, ಮುಚ್ಚಿ ಬರೆದದ್ದರಲ್ಲಿ 56.

ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಿ. ಓದಿದ್ದನ್ನೇ ಮತ್ತೆ ಓದುವಾಗ ಪುಟ ಪರಿಚಿತವಾಗಿರುತ್ತದೆ. ಕಣ್ಣು ಸಾಲಿನ ಮೇಲೆ ಜಾರುತ್ತದೆ, ‘ಇದು ಗೊತ್ತು, ಇದೂ ಗೊತ್ತು’ ಎನಿಸುತ್ತದೆ. ಮುಖ ಪರಿಚಯವಿದ್ದ ಮಾತ್ರಕ್ಕೆ ಹೆಸರು ಗೊತ್ತಿದ್ದಂತಾಗುವುದಿಲ್ಲ. ಪರೀಕ್ಷೆ ಕೇಳುವುದು ಹೆಸರನ್ನು. ಪುಸ್ತಕ ಮುಚ್ಚಿ ತಲೆಯಿಂದ ಎಳೆದು ತೆಗೆಯುವಾಗ ಕಷ್ಟವಾಗುತ್ತದೆ, ಬೇಸರವೂ ಆಗುತ್ತದೆ, ಆದರೆ ಹೊರಗೆ ಬರುವ ದಾರಿ ಸವೆಯುತ್ತದೆ. ಹೊಲಕ್ಕೆ ದಿನಾ ನಡೆದ ಕಾಲುದಾರಿ ಕತ್ತಲಲ್ಲೂ ತಪ್ಪುವುದಿಲ್ಲವಲ್ಲ, ಹಾಗೆ. ಭಯ ಬಂದಾಗಲೂ ಸವೆದ ದಾರಿ ಅಷ್ಟು ಬೇಗ ಮುಚ್ಚಿಹೋಗುವುದಿಲ್ಲ.

ಇದರಲ್ಲಿ ನನಗೆ ಅತ್ಯಂತ ಸಂತೋಷದ ಸಂಗತಿಯೆಂದರೆ, ಈ ಕೆಲಸಕ್ಕೆ ಓದು ಬಾರದ ತಾಯಿಯೂ ಸಾಕು. “ನಂಗೇನ್ ಗೊತ್ತು ಸ್ವಾಮಿ, ನಾನು ಹೆಬ್ಬೆಟ್ಟು” ಎಂದು ಹಿಂದೆ ಸರಿಯುವ ತಾಯಂದಿರಿಗೆ ನಾನು ಹೇಳುವುದು ಇಷ್ಟೆ. ಮಗು ಒಂದು ಪಾಠ ಓದಿದ ಮೇಲೆ ಪುಸ್ತಕ ಮುಚ್ಚಿಸಿ, “ಅದ್ರಲ್ಲಿ ಏನೈತೆ, ನಂಗೆ ಅರ್ಥ ಆಗಂಗೆ ಹೇಳು” ಎನ್ನಿ. ಹುಳುಮನೆಯಲ್ಲಿ ಸೊಪ್ಪು ಹಾಕುತ್ತಾ ಕೇಳಬಹುದು, ಮುದ್ದೆ ತಿರುವುತ್ತಾ ಕೇಳಬಹುದು. ನಿಮಗೆ ಅರ್ಥವಾಗದಿದ್ದರೆ ಇನ್ನೂ ಒಳ್ಳೆಯದು, ಮಗು ಬೇರೆ ಮಾತಿನಲ್ಲಿ ಇನ್ನೊಮ್ಮೆ ಹೇಳಬೇಕಾಗುತ್ತದೆ. ಆಗ ಗಿಣಿಪಾಠ ಒಡೆದು ಅರ್ಥ ಉಳಿಯುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಕಳುಹಿಸುವ ಟ್ಯೂಷನ್ನು ಎಷ್ಟೋ ಸಲ ಇಷ್ಟು ಮಾಡುವುದಿಲ್ಲ.

ಒಂದೇ ಪಾಠವನ್ನು ಒಂದೇ ದಿನ ನಾಲ್ಕು ಸಲ ಕೇಳುವುದಕ್ಕಿಂತ ಇಂದು, ನಾಡಿದ್ದು, ಮುಂದಿನ ವಾರ ಹೀಗೆ ಬಿಡಿಸಿ ಕೇಳಿ. ಬಿಡಿಸಿ ಕಲಿತದ್ದು ನಿಲ್ಲುತ್ತದೆ ಎಂದು ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲಿಯೇ ತನ್ನ ಮೇಲೆಯೇ ಪ್ರಯೋಗ ಮಾಡಿ ಬರೆದಿಟ್ಟ. ಜಾಗದ ಪ್ರಭಾವವೂ ಇದೆ. 1975ರಲ್ಲಿ ಬ್ರಿಟನ್ನಿನ ಗಾಡನ್ ಮತ್ತು ಬ್ಯಾಡ್ಲಿ ನೀರಿನಲ್ಲಿ ಮುಳುಗುವ ಈಜುಗಾರರಿಗೆ ಪದಗಳನ್ನು ಕಲಿಸಿ ನೋಡಿದರು. ನೀರಿನೊಳಗೆ ಕಲಿತದ್ದು ನೀರಿನೊಳಗೇ ಚೆನ್ನಾಗಿ ನೆನಪಾಯಿತು, ದಡದಲ್ಲಿ ಕಲಿತದ್ದು ದಡದಲ್ಲಿ. ನಮ್ಮ ಹಳ್ಳಿಯ ಅನೇಕ ಮಕ್ಕಳು ಪರೀಕ್ಷೆ ಬರೆಯುವುದು ತಮ್ಮ ಶಾಲೆಯಲ್ಲಲ್ಲ, ಗುರುತಿಲ್ಲದ ಇನ್ನೊಂದು ಶಾಲೆಯಲ್ಲಿ. ಮನೆಯ ಚಾಪೆಯ ಮೇಲೆ ಮಾತ್ರ ಓದಿದ ಮಗುವಿಗೆ ಆ ಬೆಂಚು, ಆ ಗಂಟೆ, ಆ ಅಪರಿಚಿತ ಮೇಷ್ಟ್ರು ಎಲ್ಲವೂ ಹೊಸತು. ಆದ್ದರಿಂದ ಹಳೆಯ ಪ್ರಶ್ನೆಪತ್ರಿಕೆ ಹಿಡಿದು, ಗಡಿಯಾರ ಮುಂದಿಟ್ಟು, ಮನೆಯಲ್ಲದ ಬೇರೊಂದು ಜಾಗದಲ್ಲಿ ಪೂರ್ತಿ ಮೂರು ಗಂಟೆ ಕೂತು ಬರೆಯುವ ಅಭ್ಯಾಸ ಎರಡು ಮೂರು ಸಲವಾದರೂ ಆಗಬೇಕು. ಧರ್ಮಕೇಂದ್ರದ ಸಭಾಂಗಣಗಳು ಮದುವೆಯಿಲ್ಲದ ದಿನಗಳಲ್ಲಿ ಬೀಗ ಹಾಕಿಕೊಂಡೇ ಇರುತ್ತವೆ. ಯುವಜನರ ಸಂಘದವರು ಮನಸ್ಸು ಮಾಡಿದರೆ ಇದು ಕಷ್ಟದ ಕೆಲಸವಲ್ಲ.

ಜ್ಞಾಪಕಶಕ್ತಿಯ ಟಾನಿಕ್ಕು, ಮಾತ್ರೆ ಎಂದು ಹಣ ಕಳೆಯಬೇಡಿ. ಒಂದೆಲಗದ ಚಟ್ನಿ ಮಾಡಿಕೊಡಿ, ರುಚಿಯಾಗಿರುತ್ತದೆ, ಅದನ್ನು ಚಟ್ನಿಯೆಂದೇ ತಿನ್ನಲಿ. ನಿದ್ದೆ ಕೆಡಿಸಿ ಓದಿಸಬೇಡಿ. ಹಗಲು ಕಲಿತದ್ದು ಗಟ್ಟಿಯಾಗುವುದು ರಾತ್ರಿಯ ನಿದ್ದೆಯಲ್ಲಿ. ರಾತ್ರಿ ಎರಡರವರೆಗೆ ಓದಿದ ಮಗು ಒಳಗೆ ತುಂಬಿದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು.

ಹರಕೆ, ಉಪವಾಸ, ಒಬ್ಬ ಸಂತ

ಪರೀಕ್ಷೆ ಮುಗಿಯುವವರೆಗೆ ಬೆಳಗಿನ ಊಟ ಬಿಡುತ್ತೇನೆ ಎಂದು ಹರಕೆ ಹೊರುವ ಮಕ್ಕಳಿದ್ದಾರೆ, ಹೊರಿಸುವ ಮನೆಗಳೂ ಇವೆ. ತಪಸ್ಸುಕಾಲವಾದ್ದರಿಂದ ಅದು ಭಕ್ತಿಯಂತೆಯೂ ಕಾಣುತ್ತದೆ. ಧರ್ಮಸಭೆಯ ಕಾನೂನು ಇದಕ್ಕಿಂತ ಮೃದುವಾಗಿದೆ. ಮಾಂಸ ವರ್ಜಿಸುವ ಕಟ್ಟಳೆ ಹದಿನಾಲ್ಕು ತುಂಬಿದವರಿಗೆ, ಉಪವಾಸದ ಕಟ್ಟಳೆ ಹದಿನೆಂಟು ತುಂಬಿದವರಿಗೆ ಮಾತ್ರ. ಹತ್ತನೆಯ ತರಗತಿಯ ಮಗುವಿಗೆ ಉಪವಾಸದ ಋಣವೇ ಇಲ್ಲ. ಹಸಿದ ಹೊಟ್ಟೆಯಲ್ಲಿ ಮೂರು ಗಂಟೆ ಬರೆಯುವುದು ಕಷ್ಟ. ಇಡ್ಲಿಯೋ ರೊಟ್ಟಿಯೋ ತಿಂದು ಹೋಗಲಿ. ತಾಯಿಗೆ ಉಪವಾಸ ಮಾಡುವ ಮನಸ್ಸಿದ್ದರೆ ತಾಯಿ ಮಾಡಲಿ.

ಪರೀಕ್ಷೆ ಬರೆಯುವವರ ಪಾಲಕರೆಂದು ಕುಪೆರ್ತಿನೊದ ಸಂತ ಜೋಸೆಫರನ್ನು ಕರೆಯುವ ರೂಢಿಯಿದೆ. ಇಟಲಿಯಲ್ಲಿ 1603ರಲ್ಲಿ ಹುಟ್ಟಿ 1663ರಲ್ಲಿ ತೀರಿಕೊಂಡ ಈ ಫ್ರಾನ್ಸಿಸ್ಕನ್ ಗುರುಗಳಿಗೆ ಓದು ತಲೆಗೆ ಹತ್ತುತ್ತಿರಲಿಲ್ಲ. ಶುಭಸಂದೇಶದಲ್ಲಿ ಅವರು ವಿವರಿಸಬಲ್ಲವರಾಗಿದ್ದ ಒಂದೇ ಭಾಗವನ್ನು ಧರ್ಮಾಧ್ಯಕ್ಷರು ಆಕಸ್ಮಿಕವಾಗಿ ತೆರೆದು ಕೇಳಿದರು, ಮುಂದಿನ ಪರೀಕ್ಷೆಯಲ್ಲಿ ಮೊದಲು ಬಂದವರು ಚೆನ್ನಾಗಿ ಹೇಳಿದ್ದರಿಂದ ಉಳಿದವರನ್ನು ಕೇಳದೆಯೇ ಪಾಸು ಮಾಡಿದರು ಎಂದು ಕಥೆ ಹೇಳುತ್ತದೆ. ಈ ಕಥೆ ಹೇಳಿದಾಗಲೆಲ್ಲ ಹಿಂದಿನ ಸಾಲಿನ ಹುಡುಗರ ಮುಖ ಅರಳುವುದನ್ನು ನೋಡಿದ್ದೇನೆ, ಒಂದೇ ಪಾಠ ಓದಿದರೆ ಸಾಕಲ್ಲ ಎಂದು. ನಾನು ಆ ಕಥೆಯಲ್ಲಿ ಇಷ್ಟಪಡುವುದು ಬೇರೆ. ಓದಿನಲ್ಲಿ ಹಿಂದೆ ಬಿದ್ದವನೊಬ್ಬನನ್ನು 1767ರಲ್ಲಿ ಧರ್ಮಸಭೆ ಸಂತನೆಂದು ಸಾರಿತು. ಅಂಕಪಟ್ಟಿ ಕೇಳಲಿಲ್ಲ. ಪರೀಕ್ಷೆಯ ಬೆಳಿಗ್ಗೆ ಪ್ರಾರ್ಥಿಸುವ ಮಗು ತನ್ನ ಭಯವನ್ನು ಒಬ್ಬರ ಮುಂದೆ ಇಳಿಸಿಟ್ಟು ಹೋಗುತ್ತದೆ. ಜಗಲಿಯಲ್ಲಿ ಅಷ್ಟು ಜಾಗ ಖಾಲಿಯಾದರೆ ಅದೂ ದೊಡ್ಡ ಸಹಾಯವೇ.

ಬಾಗಿಲಲ್ಲಿ ಆಡುವ ಮಾತು

ಭಯ ಎಲ್ಲಿಂದ ಬರುತ್ತದೆ? ಪ್ರಶ್ನೆಪತ್ರಿಕೆಯಿಂದ ಬರುವುದು ಸ್ವಲ್ಪ. ಹೆಚ್ಚಿನದನ್ನು ಮಗು ಮನೆಯಿಂದಲೇ ಹೊತ್ತುಕೊಂಡು ಹೋಗಿರುತ್ತದೆ. “ಈ ಸಲ ಫೇಲಾದ್ರೆ ಮನೆ ಬಾಗ್ಲಿಗೆ ಬರ್ಬ್ಯಾಡ” ಎಂದು ಹೊಸ್ತಿಲಲ್ಲಿ ನಿಂತು ಹೇಳುವ ತಂದೆ ಮಗನಿಗೆ ಎಚ್ಚರಿಕೆ ಕೊಟ್ಟೆನೆಂದು ತಿಳಿದಿರುತ್ತಾನೆ. ಅವನು ಕೊಟ್ಟದ್ದು ಏನೆಂದು ಮೇಲೆ ನೋಡಿದೆವು. ಆ ಮಾತು ಮೂರು ಗಂಟೆಯೂ ಮಗನ ಜಗಲಿಯ ಮೇಲೆ ಕೂತಿರುತ್ತದೆ. “ಸಾಲ ಮಾಡಿ ಓದುಸ್ತಾ ಇವ್ನಿ” ಎಂಬುದು ನಿಜವೇ ಇರಬಹುದು, ನಮ್ಮಲ್ಲಿ ಬಹಳ ಮನೆಗಳಲ್ಲಿ ನಿಜ. ಆದರೆ ಅದನ್ನು ಪರೀಕ್ಷೆಯ ಬೆಳಿಗ್ಗೆ ಹೇಳುವುದರಿಂದ ಸಾಲ ತೀರುವುದಿಲ್ಲ.

ಒಂದು ಬೆಳಗಿನ ಮರೆವಿನಿಂದ ವರ್ಷವೇ ಹಾಳಾಯಿತು ಎಂಬ ಮಾತೂ ಈಗ ನಿಜವಲ್ಲ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು 2024ರಲ್ಲಿ ಒಂದೇ ವರ್ಷಕ್ಕೆ ಮೂರು ಪರೀಕ್ಷೆಗಳನ್ನು ನಡೆಸಿತು. ಹಿಂದಿನ ವರ್ಷ ನೂರಕ್ಕೆ 83.89 ಇದ್ದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಆ ವರ್ಷದ ಮೊದಲ ಪರೀಕ್ಷೆಯಲ್ಲಿ 73.40ಕ್ಕೆ ಇಳಿದಾಗ, ಬಿದ್ದ ಮಕ್ಕಳಿಗೆ ಅದೇ ವರ್ಷ ಮತ್ತೆ ಬರೆಯುವ ದಾರಿ ತೆರೆದಿತ್ತು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಮುಖ್ಯೋಪಾಧ್ಯಾಯರನ್ನು ಕೇಳಿ ಆಯಾ ವರ್ಷದ ದಿನಾಂಕಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಇನ್ನೊಂದು ಬಾಗಿಲು ಇದೆ ಎಂದು ಗೊತ್ತಿರುವ ಮಗು ಮೊದಲ ಬಾಗಿಲಲ್ಲಿ ಅಷ್ಟು ನಡುಗುವುದಿಲ್ಲ.

ಅಕ್ಷರಗಳು ತಿರುಗುಮುರುಗಾಗುವ, ಎಷ್ಟು ಓದಿದರೂ ಬರವಣಿಗೆ ಕೂಡದ ಮಕ್ಕಳಿದ್ದಾರೆ. ಅವರದು ಮರೆವೂ ಅಲ್ಲ, ಸೋಮಾರಿತನವೂ ಅಲ್ಲ, ಕಲಿಕೆಯ ನ್ಯೂನತೆ. ವೈದ್ಯರ ಪ್ರಮಾಣಪತ್ರವಿದ್ದರೆ ಮಂಡಲಿ ಅಂಥವರಿಗೆ ಹೆಚ್ಚುವರಿ ಸಮಯ ಮುಂತಾದ ರಿಯಾಯಿತಿ ಕೊಡುತ್ತದೆ, ಶಾಲೆಯ ಮೂಲಕ ಮುಂಚೆಯೇ ಅರ್ಜಿ ಹಾಕಬೇಕು. ಇನ್ನು ಕೆಲವು ಮಕ್ಕಳು ವಾರಗಟ್ಟಲೆ ನಿದ್ದೆ ಮಾಡುವುದಿಲ್ಲ, ಪರೀಕ್ಷೆಯ ಪ್ರತಿ ಬೆಳಿಗ್ಗೆ ವಾಂತಿ ಮಾಡುತ್ತಾರೆ, ಊಟ ಬಿಡುತ್ತಾರೆ, ‘ನಾನು ಇರಬಾರದಾಗಿತ್ತು’ ಎಂಬಂಥ ಮಾತಾಡುತ್ತಾರೆ. ಅದನ್ನು ನಾಟಕವೆಂದು ತಳ್ಳಬೇಡಿ. ಹತ್ತಿರ ಕೂತು ನೇರವಾಗಿ ಕೇಳಿ, ಆ ಮಗುವನ್ನು ಒಂಟಿಯಾಗಿ ಬಿಡಬೇಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಹಣವಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳ ಸಹಾಯವಾಣಿ 1098. ಚಾಮರಾಜನಗರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೂ ಕರೆದೊಯ್ಯಬಹುದು. ಜ್ವರ ಬಂದರೆ ಆಸ್ಪತ್ರೆಗೆ ಹೋಗಲು ನಾಚುವುದಿಲ್ಲ, ಇದಕ್ಕೂ ನಾಚಬೇಕಿಲ್ಲ. ನಿಮ್ಮ ಧರ್ಮಗುರುಗಳ ಮನೆಯ ಬಾಗಿಲೂ ತಟ್ಟಿ, ಸರಿಹೊತ್ತಾದರೂ ಪರವಾಗಿಲ್ಲ.

ಪರೀಕ್ಷೆ ಮುಗಿಸಿ ಮಗು ಮನೆಗೆ ಬಂದಾಗ ಪ್ರಶ್ನೆಪತ್ರಿಕೆ ಕಿತ್ತುಕೊಂಡು “ಇದ್ಕೆ ಏನ್ ಬರ್ದೆ, ಅದ್ಕೆ ಏನ್ ಬರ್ದೆ” ಎಂದು ವಿಚಾರಣೆ ಮಾಡುವುದು ಬೇಡ. ಮರೆತದ್ದು ಆಗಲೇ ಅದಕ್ಕೆ ನೆನಪಾಗಿರುತ್ತದೆ, ಅದರ ಸಂಕಟವೂ ಇರುತ್ತದೆ. ಕೈಕಾಲು ತೊಳೆಯಲಿ, ಊಟ ಮಾಡಲಿ, ಒಂದು ಗಂಟೆ ಮಲಗಲಿ. ಆ ಪ್ರಶ್ನೆಪತ್ರಿಕೆಯನ್ನು ಮಡಿಸಿ ಬೈಬಲಿನ ಪಕ್ಕದ ಗೂಡಿನಲ್ಲಿ ಎತ್ತಿಡಿ. ಕೊನೆಯ ವಿಷಯ ಮುಗಿದ ಸಂಜೆ ಎಲ್ಲವನ್ನೂ ಒಟ್ಟಿಗೆ ತೆಗೆದು ನೋಡಿದರಾಯಿತು.